ಸೆರಗಿನ ಮೇಲಿನ ಅಳತೆ

ನಾಲ್ಕು ಮೀಟರ್ ನವಾರ ಪಟ್ಟಿಗೆ ಇಪ್ಪತ್ತು ರೂಪಾಯಿ. ಅದಕ್ಕೆ ಕರಿ ಬಣ್ಣ ಹಾಕಿಸಲು ಮೂರು. ಹುಬ್ಬಳ್ಳಿಯಿಂದ ತರಿಸಿದ ಉಕ್ಕಿನ ರಿಂಗು ಐದಕ್ಕೆ ಹದಿನೈದು, ಬಕ್ಕಲ್ ಎರಡಕ್ಕೆ ಎಂಟು, ದಾರಕ್ಕೆ ಎರಡು. ಕತ್ತರಿಸಿ ಜೋಡಿಸುವ ಮಾಬುಬಿಗೆ ಹತ್ತು. ಒಟ್ಟು ಐವತ್ತೆಂಟಾಯಿತು. ಸೀರೆ ವ್ಯಾಪಾರದ ನಾಗಲಿಂಗ ಹೊಲಿದ ಪಟ್ಟಿ ಒಂದಕ್ಕೆ ಎಂಬತ್ತೈದು ಕೊಡುತ್ತೇನೆ ಎಂದಿದ್ದ. ಅದು 2004ನೇ ಇಸವಿ. ಇಳಕಲ್ಲಿನಲ್ಲಿ ಒಂದು ಸೀರೆಗೆ ಫಾಲು ಹಚ್ಚಿಕೊಟ್ಟರೆ ಹತ್ತು ರೂಪಾಯಿ ಸಿಗುತ್ತಿದ್ದ ಕಾಲ. ಒಂದು ಪಟ್ಟಿಗೆ ಇಪ್ಪತ್ತೇಳು ಉಳಿಯುತ್ತದೆ ಎಂದಾಗ ದಾನೇಶ್ವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಲೆಕ್ಕ ಹಾಕಿದಳು. ಅಷ್ಟೇ ಬಂತು. ಹೂಂ ಎಂದಳು.

ಆದರೆ ಆ ಇಪ್ಪತ್ತೇಳಕ್ಕಿಂತ ಅವಳಿಗೆ ಮಾಬುಬಿಯ ಹತ್ತು ಮುಖ್ಯವಾಗಿತ್ತು. ಮಾಬುಬಿಯ ತಂಗಿ ಬಾಗಲಕೋಟೆಯ ನವನಗರದಲ್ಲಿದ್ದಳು. ಅಲ್ಲಿ ಹೊಸದಾಗಿ ಒಂದು ಗಾರ್ಮೆಂಟ್ ಕಾರ್ಖಾನೆ ಶುರುವಾಗಿ, ಕತ್ತರಿ ಹಿಡಿಯಲು ಬಲ್ಲ ಹೆಂಗಸರನ್ನು ಹುಡುಕುತ್ತಿದ್ದರು. ತಿಂಗಳ ಪಗಾರ, ಭಾನುವಾರ ಸೂಟಿ. ತಂಗಿ ಬಂದು ಕರೆದು ಹೋಗಿದ್ದಳು, ಆಮೇಲೆ ಇನ್ನೊಮ್ಮೆ ಬಂದು ಕರೆದಿದ್ದಳು. ಮಾಬುಬಿ ಹೋಗುತ್ತೇನೆಂದೂ ಹೇಳಿರಲಿಲ್ಲ, ಇರುತ್ತೇನೆಂದೂ ಹೇಳಿರಲಿಲ್ಲ. ಕೆಲಸವಿಲ್ಲದ ದಿನ ಗೋಡೆಗೆ ಒರಗಿ ಕೂತು ಕತ್ತರಿಯ ಅಲಗು ಒರೆಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ದಾನೇಶ್ವರಿ ಕತ್ತರಿಸಲು ಏನಾದರೂ ಒಂದು ಬಟ್ಟೆ ಹುಡುಕಿ ಅವಳ ಮುಂದೆ ಇಡುತ್ತಿದ್ದಳು.

ದಾನೇಶ್ವರಿಗೆ ನೆಟ್ಟಗೆ ಹೊಲಿಯಲು ಬರುತ್ತಿತ್ತು, ನೆಟ್ಟಗೆ ಕತ್ತರಿಸಲು ಬರುತ್ತಿರಲಿಲ್ಲ. ಅವಳ ಕೈಯಲ್ಲಿ ಕತ್ತರಿ ಎಲ್ಲಿಂದ ಹೊರಟರೂ ಒಂದು ಬೆರಳು ಸೊಟ್ಟ ಹೋಗುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಇಟ್ಟು ಹತ್ತು ವರ್ಷಕ್ಕೂ ಮೇಲೆ ಅಂಗಡಿ ನಡೆದದ್ದು ಮಾಬುಬಿಯ ಕತ್ತರಿಯಿಂದ. ಗಂಡ ವೀರೇಶ ಗ್ರಾನೈಟ್ ಪಾಲಿಶ್ ಮಾಡುವ ಕಡೆ ವರ್ಷಗಟ್ಟಲೆ ಧೂಳು ನುಂಗಿ ಎದೆ ಕೆಡಿಸಿಕೊಂಡು ಒಳಗಿನ ಕೋಣೆಯ ಮಂಚ ಹಿಡಿದಿದ್ದ. ಅವನಿಗೆ ತಿಂಗಳು ತಿಂಗಳು ಔಷಧಿ ಬೇಕು. ಮಾಬುಬಿ ಹೋದರೆ ಅಂಗಡಿ ಫಾಲು ಹಚ್ಚುವುದಕ್ಕೆ ಬಂದು ನಿಲ್ಲುತ್ತದೆ, ಔಷಧಿಗೆ ಅದು ಸಾಲುವುದಿಲ್ಲ. ಇನ್ನೊಂದೂ ಇತ್ತು. ಇಡೀ ದಿನದಲ್ಲಿ ದಾನೇಶ್ವರಿ ನಗುವುದು ಮಾಬುಬಿ ಬಂದ ಮೇಲೆಯೇ. ಅದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ.

ನಾಗಲಿಂಗ ಇಳಕಲ್ ಸೀರೆಗಳ ಗಂಟು ಕಟ್ಟಿಕೊಂಡು ಗೋವಾದ ಅಂಗಡಿಗಳಿಗೆ ಹೋಗಿ ಬರುವವನು. ಅಲ್ಲಿಯವರು ಆ ಸೀರೆ ಕತ್ತರಿಸಿ ಫಾರಿನ್ನಿನವರಿಗೆ ಚೀಲ, ಅಂಗಿ ಹೊಲಿಯುತ್ತಾರಂತೆ. ಈ ಸಲ ಬರುವಾಗ ಫಾರಿನ್ನಿನ ಹೆಂಗಸೊಬ್ಬಳು ನಡೆಸುವ ಅಂಥದೊಂದು ಅಂಗಡಿಯಿಂದ ಮಾದರಿಗೆಂದು ಕರಿ ಚರ್ಮದ ಪಟ್ಟಿಯೊಂದನ್ನು ತಂದಿದ್ದ. ಎದೆಯ ಕೆಳಗೆ ಸುತ್ತುವ ಒಂದು ಪಟ್ಟಿ, ಎದೆಯ ನಡುವೆ ಒಂದು ರಿಂಗು, ರಿಂಗಿನಿಂದ ಎರಡು ಹೆಗಲ ಮೇಲೆ ಹತ್ತಿ ಬೆನ್ನಲ್ಲಿ ಕತ್ತರಿಯಾಗಿ ಇಳಿಯುವ ಎರಡು ಪಟ್ಟಿ, ಪಟ್ಟಿಗಳು ಕೂಡುವ ಕಡೆ ಇನ್ನೂ ನಾಲ್ಕು ರಿಂಗು, ಹಿಂದೆ ಎರಡು ಬಕ್ಕಲ್.

"ಏನಿದು ತಮ್ಮಾ?" ದಾನೇಶ್ವರಿ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

"ಎದಿಪಟ್ಟಿ ಅಂತ ತಿಳೀರಿ ಅಕ್ಕಾರ. ಅಲ್ಲಿ ಫಾರಿನ್ನಿನ ಹೆಂಗಸರು ಹಾಕ್ಕೋತಾರ. ಫ್ಯಾಶನ್. ಚರ್ಮದ್ದು ತುಟ್ಟಿ ಬೀಳತೈತಿ, ಬಟ್ಟೀದಾಗ ಮಾಡಿಸ್ಕೊಂಡು ಬಾ ಅಂದಾರ. ಸಣ್ಣ ಮೈಯಾವ್ರಿಗೆ, ನಡು ಮೈಯಾವ್ರಿಗೆ, ದೊಡ್ಡ ಮೈಯಾವ್ರಿಗೆ, ಹಿಂಗ ಮೂರು ಅಳತಿ."

ಹೊಸ್ತಿಲ ಹತ್ತಿರ ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ ಗುರುಸಿದ್ದವ್ವ ತಲೆ ಎತ್ತಿದಳು. "ಎತ್ತಿನ ಎದಿಗೆ ಕಟ್ಟೂದು ಇದ್ದಂಗೈತಲ್ಲೋ ನಾಗಲಿಂಗಾ. ನೊಗಾ ಒಂದ ಕಡಿಮಿ ಆತು."

"ನೊಗಾ ಲಗ್ನದ ದಿನಾನ ಹಾಕಿರ್ತಾರ ಬಿಡು ಆಯಿ," ಎಂದಳು ಮಾಬುಬಿ, ಕತ್ತರಿಯಿಂದ ಕಣ್ಣೆತ್ತದೆ.

ಮುದುಕಿಗೂ ನಗು ತಡೆಯಲಾಗಲಿಲ್ಲ. "ನಿನ್ನ ಬಾಯಿಗೆ ಒಂದು ಪಟ್ಟಿ ಹೊಲ್ಕೊ ಮೊದಲ."

ಚರ್ಮ ಬೇಡವೆಂದ ಮೇಲೆ ನವಾರ ಎಂದವಳು ಮಾಬುಬಿ. ಮಂಚಕ್ಕೆ ಹೆಣೆಯುವ ದಪ್ಪ ನೂಲಿನ ಪಟ್ಟಿ, ನಾಲ್ಕು ಮಂದಿ ಕೂತರೂ ಹರಿಯುವುದಿಲ್ಲ. ಸೀರೆಯ ನೂಲಿಗೆ ಬಣ್ಣ ಹಾಕುವವರ ಹತ್ತಿರ ಕೊಟ್ಟರೆ ಹೋಗದಂಥ ಕರಿ ಬಣ್ಣ ಕೂರುತ್ತದೆ. ನಡು ಅಳತೆಗೆ ದಾನೇಶ್ವರಿಯೇ ನಿಂತಳು. ಮಾಬುಬಿ ಮಾದರಿಯನ್ನು ಅವಳ ಸೀರೆಯ ಮೇಲೆ ಇಟ್ಟು ಸುತ್ತಲೂ ಒಂದು ಸಲ ತಿರುಗಿ ನೋಡಿದಳು. ನೋಡಿ ಬಾಯಲ್ಲಿ ಚ್ಚ್ ಎಂದು ಸದ್ದು ಮಾಡಿದಳು.

"ಇದನ್ನ ಹೊಲದಾಂವ ಸೆರಗು ಹೊದ್ದ ಹೆಂಗಸನ್ನ ಕಂಡೇ ಇಲ್ಲ ನೋಡು ದಾನಕ್ಕ. ಎರಡೂ ಹೆಗಲಿನ ಪಟ್ಟಿ ಸರಿಸಮ ಮಾಡ್ಯಾನ. ಸೆರಗಿನ ಮಡಿಕಿ ಎಲ್ಲಿ ಹೋಗಬೇಕು? ಒಂದ ಕಡೆ ಕೊಯ್ಯತೈತಿ, ಒಂದ ಕಡೆ ಜೋಲತೈತಿ."

"ಹೌದಲ್ಲ."

"ನಾವು ಮಾಡೂದು ನೆಟ್ಟಗ ಮಾಡೂಣು. ಇಸ್ಕೊಂಡಾವ್ರು ಹೆಸರು ತಗೀಬೇಕು."

ಹೀಗೆ ಸೆರಗು ಬೀಳುವ ಹೆಗಲಿನ ಪಟ್ಟಿಯನ್ನು ಒಂದೂವರೆ ಬೆರಳು ಉದ್ದ ಬಿಟ್ಟು ಕತ್ತರಿಸಿದಳು. ಎದೆಯ ಸುತ್ತಿನ ಪಟ್ಟಿಯನ್ನೂ ಸೀರೆಯ ಪದರು ಲೆಕ್ಕಕ್ಕೆ ಹಿಡಿದು ಸಡಿಲ ಬಿಟ್ಟಳು. ಸಣ್ಣ ಅಳತೆಗೆ ಪಕ್ಕದ ಮನೆಯ ಸೊಸೆಯನ್ನು, ದೊಡ್ಡದಕ್ಕೆ ಗುರುಸಿದ್ದವ್ವನನ್ನು ನಿಲ್ಲಿಸಿ ಅಳೆದಳು. ಮುದುಕಿ "ನನ್ನ ಹೂಡಿ ಎಲ್ಲಿಗೆ ಹೊಡೀತೀರವ್ವಾ" ಎನ್ನುತ್ತ ಕೈ ಎತ್ತಿಕೊಂಡು ನಿಂತಳು. ಅರವತ್ತು ಪಟ್ಟಿ ತಯಾರಾದವು. ಒಂದೇ ಒಂದು ಹೊಲಿಗೆ ಬಿಟ್ಟಿರಲಿಲ್ಲ. ಆ ದಿನಗಳಲ್ಲಿ ಮಾಬುಬಿ ತಂಗಿಯ ಮಾತು ತೆಗೆಯಲಿಲ್ಲ, ದಾನೇಶ್ವರಿಯೂ ಕೇಳಲಿಲ್ಲ.

ನಾಗಲಿಂಗ ಗೋವಾಕ್ಕೆ ಒಯ್ದಿದ್ದ ಗಂಟನ್ನು ಹಾಗೆಯೇ ಹೊತ್ತುಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವನ ಮುಖ ನೋಡಿ ದಾನೇಶ್ವರಿಗೆ ತಿಳಿಯಿತು.

"ಎಲ್ಲಾ ಸೊಟ್ಟ ಅದಾವಂತ್ರಿ ಅಕ್ಕಾರ. ಒಂದ ಹೆಗಲು ಉದ್ದ, ಒಂದ ಗಿಡ್ಡ. ಎದಿಯಾಗ ಸಡಿಲ. ಅಂಗಡಿಯಾಕಿ ನನ್ನ ಮುಂದ ಹಾಕ್ಕೊಂಡು ತೋರಿಸಿದಳು."

"ಸೊಟ್ಟ ಅಲ್ಲೋ ಮಾರಾಯ," ಎಂದಳು ಮಾಬುಬಿ. "ಅದು ಸೆರಗಿಗೆ ಬಿಟ್ಟದ್ದು."

"ಅವರು ಸೆರಗು ಹಾಕಂಗಿಲ್ಲ."

"ಹಂಗಾರ ಕುಬಸದ ಮ್ಯಾಲ ಹಾಕ್ಕೋತಾರೇನು?" ದಾನೇಶ್ವರಿ ಕೇಳಿದಳು.

ನಾಗಲಿಂಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. "ಕುಬಸಾನೂ ಇಲ್ರಿ."

"ಅಂಗಿ?"

"ಅಂಗೀನೂ ಇಲ್ರಿ ಅಕ್ಕಾರ. ಬರೇ ಮೈಮ್ಯಾಲ. ಅಂಗಡಿಯಾಕಿ ತೋರಿಸಿದಾಗ ಅಂಗಿ ಮ್ಯಾಲ ತೋರಿಸಿದಳು ಮತ್ತ, ನನ್ನ ಮ್ಯಾಲ ಸಂಶಯ ಮಾಡಬ್ಯಾಡ್ರಿ. ಆದ್ರ ಹಾಕ್ಕೊಳ್ಳೂದು ಹಂಗಂತ. ಗಂಡ ಹೆಂಡತಿ ಮನಿಯಾಗ ಹಾಕ್ಕೋತಾರ, ಕೆಲವೊಬ್ಬರು ಕುಣಿಯಾಕ ಹೋಗೂ ಕಡೆ ಹಾಕ್ಕೋತಾರ. ಅದೊಂದು ಶೋಕಿ ಅವರದು. ನನಗೂ ಮೊದಲ ಗೊತ್ತಿರಲಿಲ್ಲ, ಬಸವಣ್ಣನ ಆಣಿ."

"ಬಸವಣ್ಣನ್ನ ಇದರಾಗ ತರಬ್ಯಾಡ," ಎಂದಳು ದಾನೇಶ್ವರಿ.

ಅವನು ಗಂಟನ್ನು ಗೋಡೆಯ ಬದಿಗೆ ಸರಿಸಿದ. ಆಮೇಲೆ ಮೆಲ್ಲಗೆ, ಅಂಗಡಿಯಾಕೆಗೆ ಹೊಲಿಗೆ ಮನಸ್ಸಿಗೆ ಬಂದಿದೆ, ಅಳತೆ ಸರಿ ಮಾಡಿ ಕೊಟ್ಟರೆ ಅರವತ್ತನ್ನೂ ತೆಗೆದುಕೊಳ್ಳುತ್ತಾಳೆ, ಮುಂದೆಯೂ ಕೆಲಸ ಕೊಡುತ್ತಾಳೆ ಎಂದ. ಇಷ್ಟು ಹೇಳಿ ಚಹಾ ಕೂಡ ಕುಡಿಯದೆ ಹೋದ.

ಬಾಗಿಲಾಚೆ ಅವನ ಚಪ್ಪಲಿಯ ಸದ್ದು ನಿಂತ ಮೇಲೆ ಮಾಬುಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಎದಿಪಟ್ಟಿ ನಿಮ್ಮತ್ತಿಗೆ ಹಾಕಿ ಅಳದೇವಲ್ಲ ದಾನಕ್ಕ! ಗೊತ್ತಾದ್ರ ಮುದುಕಿ ಊರ ಬಿಡತಾಳ."

ದಾನೇಶ್ವರಿಯೂ ನಕ್ಕಳು. ಆದರೆ ಅವಳ ಕಣ್ಣು ಮಾಬುಬಿಯ ಮೇಲೇ ಇತ್ತು. "ನಿನಗ ಹೇಸಿಕಿ ಅನಸಿದ್ರ ಹೇಳು. ಗಂಟು ವಾಪಸ್ ಕಳಸ್ತೇನಿ. ನವಾರದ ರೊಕ್ಕ ಹೋದ್ರ ಹೋಗಲಿ."

ಮಾಬುಬಿ ಒಂದು ಪಟ್ಟಿ ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಾವು ಲಗ್ನದ ಹೆಣ್ಣಿಗೆ ಕುಬಸ ಹೊಲೀತೇವಿ. ಅದನ್ನ ಯಾರು ಬಿಚ್ಚತಾರಂತ ಕೇಳಿ ಹೊಲೀತೇವೇನು?"

ಅಷ್ಟಕ್ಕೆ ಆ ಮಾತು ಮುಗಿಯಿತು. ಆದರೆ ಅಳತೆಯನ್ನು ಮತ್ತೆ ತೆಗೆಯಬೇಕಿತ್ತು, ಈ ಸಲ ಬರಿಮೈಯ ಮೇಲೆ. ಪಕ್ಕದ ಮನೆಯ ಸೊಸೆಗೆ ಹೇಳುವಂತಿರಲಿಲ್ಲ. ಇದ್ದವರು ಇವರಿಬ್ಬರೇ.

ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಸುಮ್ಮನಾದವು. ಗುರುಸಿದ್ದವ್ವ ಗಿರಣಿಗೆ ಹೋಗಿದ್ದಳು, ಕರೆಂಟು ಬರುವ ತನಕ ಅಲ್ಲೇ ಕೂರುತ್ತಾಳೆ. ವೀರೇಶ ಕೆಮ್ಮಿ ಕೆಮ್ಮಿ ದಣಿದು ನಿದ್ದೆ ಹೋಗಿದ್ದ. ದಾನೇಶ್ವರಿ ಮುಂದಿನ ಬಾಗಿಲಿಗೆ ಚಿಲಕ ಹಾಕಿದಳು. ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಗೋಡೆಯ ಕಡೆ ಮುಖ ಮಾಡಿ ಕುಬಸ ತೆಗೆದಳು. ಇದರಲ್ಲಿ ನಾಚಿಕೆಗಿಂತ ಆಲಸ್ಯ ಹೆಚ್ಚಿತ್ತು. ಆ ಬಿಸಿಲಲ್ಲಿ ಮತ್ತೆ ಎಲ್ಲ ಹಾಕಿಕೊಳ್ಳಬೇಕಲ್ಲ ಎಂದೇ ಅವಳಿಗೆ ಬೇಸರ.

"ಹತ್ತು ವರ್ಷ ಆತು, ನಿನ್ನ ಬೆನ್ನಾಗ ಇಷ್ಟು ದೊಡ್ಡ ಮಚ್ಚಿ ಐತಂತ ನನಗ ಗೊತ್ತೇ ಇರಲಿಲ್ಲ," ಎಂದಳು ಮಾಬುಬಿ.

"ನಮ್ಮ ಮನಿಯಾವ್ರಿಗೂ ಮರತಿರಬೇಕು."

"ಸುಮ್ಮ ನಿಂದ್ರು. ಉಸಿರು ಬಿಡು."

ಮಾಬುಬಿ ಪಟ್ಟಿಯನ್ನು ಮುಂದಿನಿಂದ ತಂದು ಹೆಗಲ ಮೇಲೆ ಏರಿಸಿ, ಬೆನ್ನಲ್ಲಿ ಕತ್ತರಿ ಮಾಡಿ, ಬಕ್ಕಲಿನಲ್ಲಿ ತೂರಿಸಿ ಎಳೆದಳು. ದಾನೇಶ್ವರಿಯ ಎರಡೂ ಹೆಗಲು ಹಿಂದಕ್ಕೆ ಬಂದವು. ಇಪ್ಪತ್ತು ವರ್ಷ ಮಷಿನ್ ಮೇಲೆ ಬಾಗಿದ ಬೆನ್ನು ಅದು. ಮಂಚದಿಂದ ಗಂಡನನ್ನು ಎತ್ತಿ ಕೂರಿಸಿ, ಇಳಿಸಿ, ತೊಳೆದು, ಮತ್ತೆ ಮಲಗಿಸಿದ ಬೆನ್ನು. ರಾತ್ರಿ ಅಂಗಾತ ಮಲಗಿದರೂ ಅದು ಎಂದೂ ನೆಟ್ಟಗಾಗುತ್ತಿರಲಿಲ್ಲ. ಈಗ ಹಿಂದಿನಿಂದ ಯಾರೋ ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿದಂತಾಯಿತು. ತಾನಾಗಿ ನಿಲ್ಲುವ ಕೆಲಸ ಅಷ್ಟರ ಮಟ್ಟಿಗೆ ಕಡಿಮೆಯಾಯಿತು.

"ಬಿಗಿ ಆತೇನು?"

"ಇಲ್ಲ. ಇನ್ನೊಂದ ತೂತು ಎಳಿ."

ಮಾಬುಬಿ ಎಳೆದಳು. ಸುಣ್ಣದ ಕಡ್ಡಿಯಿಂದ ಹೆಗಲ ಮೇಲೆ, ಬೆನ್ನ ನಡುವೆ ಗುರುತು ಹಾಕಿಕೊಂಡಳು. ಈಗ ಎರಡೂ ಹೆಗಲು ಸರಿಸಮವೇ ಬಂದವು. "ಆತು. ಬಿಚ್ಚಲೇನು?"

"ನಿಂದ್ರು. ಸ್ವಲ್ಪ ಇರಲಿ."

ಅವಳು ಹಾಗೆಯೇ ನೆಲಕ್ಕೆ ಕೂತು ಗೋಡೆಗೆ ಹಣೆ ಹಚ್ಚಿದಳು. ಅಳುವಂಥದ್ದು ಏನೂ ಆಗಿರಲಿಲ್ಲ, ಆದರೂ ಕಣ್ಣು ತುಂಬಿದವು. ಮಾಬುಬಿ ಅವಳ ಹಿಂದೆಯೇ ಕೂತು ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಹಾಕಿದಳು. ಬಹಳ ಹೊತ್ತಿನ ಮೇಲೆ, "ಅವರಿಗೂ ಹಿಂಗ ಅನಸತೈತೇನೋ," ಎಂದಳು.

"ಯಾರಿಗೆ?"

"ಗೋವಾದಾವ್ರಿಗೆ."

"ಅವರಿಗೆ ಯಾತರ ದಣಿವು?"

"ರೊಕ್ಕ ಕೊಟ್ಟು ಬಿಗಿಸ್ಕೋತಾರಂದ್ರ ಏನರ ಇರಬೇಕು. ಎದ್ದೇಳು. ಈಗ ನನಗ ಹಾಕು, ದೊಡ್ಡ ಅಳತಿ ನನ್ನ ಮ್ಯಾಲ ತಗೋಳೂಣು. ಮುದುಕಿನ್ನ ಬಿಡು ಇನ್ನ. ಸಣ್ಣದನ್ನ ಅಂದಾಜಿನ ಮ್ಯಾಲ ತಗೀತೇನಿ."

ದಾನೇಶ್ವರಿ ಹಾಕಿದಳು. ಬಕ್ಕಲ್ ಹಾಕುವ ತನಕ ಮಾಬುಬಿ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು, ಪಟ್ಟಿ ಎಲ್ಲಿ ಕೈಗೆ ತಾಗುತ್ತದೋ ಎನ್ನುವ ಹಾಗೆ. ಗುರುತು ಹಾಕಿ ಮುಗಿಯುತ್ತಿದ್ದಂತೆ "ಬಿಚ್ಚು" ಎಂದಳು. ದಾನೇಶ್ವರಿ ಕೂಡಲೇ ಬಿಚ್ಚಿದಳು.

ಆ ಅರವತ್ತು ಪಟ್ಟಿಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದು ಕಳಿಸಿದರು. ಅಂಗಡಿಯಾಕೆ ಇಟ್ಟುಕೊಂಡಳು. ಮತ್ತೆ ನೂರು ಬೇಕೆಂದಳು, ಅದೂ ಹೋಯಿತು. ಆ ತಿಂಗಳುಗಳಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಮನೆ ಖಾಲಿ ಇದ್ದರೆ ಮಾಬುಬಿ ತಾನಾಗಿಯೇ "ಹಾಕಲೇನು?" ಎಂದು ಕೇಳುತ್ತಿದ್ದಳು. ದಾನೇಶ್ವರಿ ಈಗ ಕುಬಸದ ಮೇಲೆಯೇ ಹಾಕಿಸಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದಳು. ಮಾಬುಬಿ ಎಲೆ ಅಡಿಕೆ ಹಾಕಿಕೊಂಡು ಓಣಿಯ ಸುದ್ದಿ ಹೇಳುತ್ತಿದ್ದಳು. ಕರೆಂಟು ಬಂದು ಮಗ್ಗಗಳು ಮತ್ತೆ ಬಡಿಯತೊಡಗಿದರೆ ಬಿಚ್ಚಿ ಕೆಲಸಕ್ಕೆ ಕೂರುತ್ತಿದ್ದರು. ಒಂದು ದಿನ ತಂಗಿ ಮೂರನೆಯ ಸಲ ಬಂದಳು. ಮಾಬುಬಿ ಅವಳಿಗೆ ಊಟ ಹಾಕಿ, "ಇಲ್ಲೇ ಚೊಲೊ ಐತಿ" ಎಂದು ಹೇಳಿ ಕಳಿಸಿದಳು. ದಾನೇಶ್ವರಿ ಆ ದಿನ ಶ್ಯಾವಿಗೆ ಪಾಯಸ ಮಾಡಿದಳು. ಯಾಕೆಂದು ಅತ್ತೆ ಕೇಳಿದರೆ ಸುಮ್ಮನೆ ಎಂದಳು.

ಮಳೆಗಾಲ ಮುಗಿದ ಮೇಲೆ ನಾಗಲಿಂಗ ಇನ್ನೊಂದು ಕೆಲಸ ತಂದ.

"ಈ ಸಲ ಪಟ್ಟಿ ಅಲ್ರಿ ಅಕ್ಕಾರ, ಹಗ್ಗ. ನಮ್ಮ ಪುಂಡಿನಾರಿನ ಹಗ್ಗ ಅಂಗಡಿಯಾಕಿಗೆ ತೋರಿಸಿದ್ದೆ. ಇದ ಬೇಕು ಅಂದಳು. ಕುದಿಸಿ, ಎದ್ದ ನಾರಿನ ಮುಳ್ಳೆಲ್ಲಾ ಸುಟ್ಟು, ಎಣ್ಣಿ ತಿಕ್ಕಿ ಮೆತ್ತಗ ಮಾಡಿ ಕೊಡ್ರಿ. ಹೊಲಿಗಿ ಇಲ್ಲ, ಏನಿಲ್ಲ. ಅವರ ಗಂಟು ಹಾಕ್ಕೊಂಡು ಎದಿಪಟ್ಟಿ ಮಾಡ್ಕೋತಾರ. ಪಟ್ಟಿಗಿಂತ ಎರಡು ಪಟ್ಟು ಉಳೀತೈತಿ ನಿಮಗ."

ಹೇಗೆ ಕಟ್ಟುತ್ತಾರೆಂದು ತೋರಿಸಲು ಒಂದು ಫೋಟೋ ತಂದಿದ್ದ. ಅದನ್ನು ಮೇಜಿನ ಮೇಲೆ ಇಟ್ಟು ತಾನು ಬಾಗಿಲ ಕಡೆ ತಿರುಗಿ ನಿಂತ. ಬೆಳ್ಳನೆಯ ಹೆಂಗಸೊಬ್ಬಳು, ಮೈಗೆ ತೆಳು ಅಂಗಿ. ಎದೆಯ ಮೇಲೆ ಒಂದು ಸುತ್ತು, ಕೆಳಗೆ ಒಂದು ಸುತ್ತು ಹಗ್ಗ. ಕೈ ಎರಡೂ ಬೆನ್ನ ಹಿಂದೆ ಮಡಚಿ ಅದೇ ಹಗ್ಗದಲ್ಲಿ ಕಟ್ಟಿದ್ದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮುಖದಲ್ಲಿ ನೋವಿರಲಿಲ್ಲ. ಊಟ ಮಾಡಿ ಮಲಗಿದವಳ ಮುಖ ಅದು.

ಮಾಬುಬಿ ಫೋಟೋವನ್ನು ಕೈಗೆ ತೆಗೆದುಕೊಳ್ಳದೆ ಬಗ್ಗಿ ನೋಡಿದಳು.

"ಇಕಿ ಕೈ ಯಾರು ಕಟ್ಟ್ಯಾರ?"

"ಗಂಡ ಇರಬೇಕು, ಇಲ್ಲಾ ಗೆಳೆಯ. ಒತ್ತಾಯ ಇಲ್ಲಂತ ಮತ್ತ. ತಾವ ಕಟ್ಟಸ್ಕೋತಾರ."

"ಬಿಚ್ಚು ಅಂದ್ರ ಬಿಚ್ಚತಾರೇನು?"

"ಬಿಚ್ಚತಾರಂತ. ಅಂದ ತಕ್ಷಣ ಬಿಚ್ಚಬೇಕು, ಅದ ಅವರ ಕಾಯ್ದೆ ಅಂತ. ನಾನೂ ಕೇಳಿದೆ, ಹೆದರಿಕಿ ಬಂದು."

"ಹಂಗಾರ ಆಕಿ ನಸೀಬ ಚೊಲೊ ಐತಿ," ಎಂದಳು ಮಾಬುಬಿ. ಎದ್ದು ಹೋಗಿ ತನ್ನ ಜಾಗದಲ್ಲಿ ಕೂತಳು.

ದಾನೇಶ್ವರಿಗೆ ಗೊತ್ತಿತ್ತು. ಮಾಬುಬಿ ಮೊದಲ ಸಲ ಕೆಲಸ ಕೇಳಿಕೊಂಡು ಬಂದಾಗ ಎರಡೂ ಮಣಿಕಟ್ಟಿನ ಸುತ್ತ ಕಪ್ಪು ಗೀರು ಇದ್ದವು. ಗಂಡ ಬಂಡಿ ಹೊಡೆಯುವವನು. ಕುಡಿದು ಬಂದ ದಿನ ಎತ್ತಿನ ಹಗ್ಗದಿಂದ ಅವಳ ಕೈ ಕಟ್ಟಿ ಕಂಬಕ್ಕೆ ಬಿಗಿದು ತಾನು ಮಲಗಿಬಿಡುತ್ತಿದ್ದ. ಬೆಳಗಾಗಿ ಎಚ್ಚರಾದರೆ ಬಿಚ್ಚುತ್ತಿದ್ದ. ಅವನು ಸತ್ತು ಎಷ್ಟೋ ಕಾಲವಾಗಿತ್ತು. ಆ ವಿಷಯವನ್ನು ಇವರಿಬ್ಬರೂ ಒಮ್ಮೆ ಮಾತ್ರ ಆಡಿದ್ದರು. ಆಮೇಲೆ ಆಡುವ ಗರಜು ಬಿದ್ದಿರಲಿಲ್ಲ.

ನಾಗಲಿಂಗ ಹೋದ ಮೇಲೆ ದಾನೇಶ್ವರಿ ಹೇಳಿದಳು: "ನೀ ಹಗ್ಗ ಮುಟ್ಟೂದು ಬ್ಯಾಡ. ಹಿತ್ತಲದಾಗ ನಾ ಮಾಡ್ಕೋತೇನಿ. ನೀ ಇಲ್ಲೇ ಪಟ್ಟಿ ಕತ್ತರಸು."

"ಆತು," ಎಂದಳು ಮಾಬುಬಿ.

ಬೇವೂರಿನ ಬೋರವ್ವನ ಮನೆಯಲ್ಲಿ ಹಗ್ಗ ಹೊಸೆಸಿ ತರಿಸಿದರು. ದಾನೇಶ್ವರಿ ಹಿತ್ತಲಲ್ಲಿ ಒಲೆ ಹೂಡಿ ಕಡಾಯಿಯಲ್ಲಿ ಕುದಿಸಿದಳು. ಗೋಡೆಯಿಂದ ಗೋಡೆಗೆ ಕಟ್ಟಿ ಭಾರ ತೂಗು ಹಾಕಿ ಒಣಗಿಸಿದಳು. ಒಣಗಿದ ಮೇಲೆ ಉರಿಯ ಮೇಲೆ ಎಳೆದಾಡಿಸಿ ಮುಳ್ಳು ಸುಟ್ಟಳು. ಕುಸುಬಿ ಎಣ್ಣೆ ತಿಕ್ಕಿದಳು. ಮೆತ್ತಗಾಯಿತೇ ಇಲ್ಲವೇ ಎಂದು ನೋಡಲು ಕೆನ್ನೆಗೆ ಹಚ್ಚಿ ನೋಡುತ್ತಿದ್ದಳು. ಕೆಲಸ ಕಷ್ಟದ್ದಲ್ಲ, ಆದರೆ ಹೊಗೆ, ಬಿಸಿ, ಬೆನ್ನು. ಒದ್ದೆ ಪುಂಡಿನಾರಿನ ವಾಸನೆ ಹಿತ್ತಲು ದಾಟಿ ಮುಂದಿನ ಕೋಣೆಗೂ ಬರುತ್ತಿತ್ತು. ಅದೇ ದನದ ಕೊಟ್ಟಿಗೆಯ ಹಗ್ಗದ ವಾಸನೆ.

ಮಾಬುಬಿ ಮಷಿನ್ ತಿರುಗಿಸಿ ಹಿತ್ತಲಿಗೆ ಬೆನ್ನು ಮಾಡಿ ಕೂತಳು. ಮಾತು ಕಡಿಮೆಯಾಯಿತು. ಗುರುಸಿದ್ದವ್ವ ಚೇಷ್ಟೆ ಮಾಡಿದರೂ ತಿರುಗಿ ಉತ್ತರ ಕೊಡುತ್ತಿರಲಿಲ್ಲ. "ಏನವ್ವಾ, ಬಾಯಿಗೆ ಪಟ್ಟಿ ಹೊಲ್ಕೊಂಡೆಲ್ಲ ಖರೇನ" ಎಂದಳು ಮುದುಕಿ. ಮಾಬುಬಿ ನಗಲಿಲ್ಲ. ಮಧ್ಯಾಹ್ನ ಕರೆಂಟು ಹೋದರೆ "ಹಾಕಲೇನು" ಎಂದು ಕೇಳಲಿಲ್ಲ. ತಲೆಶೂಲೆ ಎಂದು ಮನೆಗೆ ಹೋಗುತ್ತಿದ್ದಳು. ಒಂದು ದಿನ ಅವಳು ಕತ್ತರಿಸಿಟ್ಟ ಪಟ್ಟಿಗಳನ್ನು ಹೊಲಿಯಲು ಕೂತ ದಾನೇಶ್ವರಿ ಎರಡು ತುದಿ ಕೂಡಿಸಿ ನೋಡಿದಳು. ಕೂಡಲಿಲ್ಲ. ಒಂದು ಬೆರಳು ಸೊಟ್ಟ ಹೋಗಿತ್ತು. ಮಾಬುಬಿಯ ಕೈಯಲ್ಲಿ ಹಾಗೆ ಆದದ್ದು ಅವಳು ಕಂಡಿರಲಿಲ್ಲ.

ಆ ತುಂಡು ಮಾಬುಬಿಯ ಮುಂದೆ ಇಟ್ಟಳು. ಮಾಬುಬಿ ನೋಡಿದಳು.

"ಕೈ ನಡುಗತೈತಿ ದಾನಕ್ಕ."

"ನೋಡೇನಿ."

"ರಾತ್ರಿ ಮಲಕೊಂಡ್ರ ಕೈ ಹಿಂದ ಹೋಗಿರತಾವ, ತಾನ. ಎಚ್ಚರಾಗಿ ಮುಂದ ತಂದ್ಕೋತೇನಿ." ಅವಳು ಮಣಿಕಟ್ಟು ತಿಕ್ಕಿಕೊಂಡಳು. "ಆ ಫೋಟೋದಾಕಿ ಮ್ಯಾಲ ನನಗೇನೂ ಸಿಟ್ಟಿಲ್ಲ. ಆಕಿಗೆ ಸುಖ ಐತಿ, ಇರಲಿ. ನಿನಗೂ ಪಟ್ಟಿಯಾಗ ಸುಖ ಸಿಕ್ಕತಲ್ಲ, ನಾ ಕಂಡೇನಿ. ನನಗ ಹಗ್ಗ ಆಗಂಗಿಲ್ಲ. ಅಷ್ಟ."

ದಾನೇಶ್ವರಿ ಸೊಟ್ಟ ತುಂಡನ್ನು ಮಡಚಿ ಬದಿಗೆ ಇಟ್ಟಳು. ಒಳಗೆ ವೀರೇಶ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವಳು, "ನೀ ಬ್ಯಾಡ ಅನ್ನು. ನಾಳಿಗೆ ಹಗ್ಗ ಬಿಡತೇನಿ. ಬೋರವ್ವಗ ಹೇಳಿ ಕಳಸ್ತೇನಿ," ಎಂದಳು.

"ಬರೇ ಪಟ್ಟಿ ಮಾಡಿದ್ರ ಆಗೂದಿಲ್ಲೇನು?"

"ಕೇಳೇನಿ. ಪಟ್ಟಿ ಈಗ ಅಷ್ಟು ಹೋಗವಲ್ವಂತ. ಎಲ್ಲಾರೂ ಹಗ್ಗ ಕೇಳಾಕತ್ತಾರಂತ."

"ವೀರಣ್ಣನ ಔಷಧಿ?"

ಹೋದ ತಿಂಗಳು ವೈದ್ಯರು ಔಷಧಿ ಬದಲಿಸಿದ್ದರು. ಹೊಸದು ಹಳೆಯದಕ್ಕಿಂತ ತುಟ್ಟಿ, ಆದರೆ ಅದು ಬಂದ ಮೇಲೆ ವೀರೇಶ ಹಿತ್ತಲ ತನಕ ನಡೆದು ಬರುತ್ತಿದ್ದ.

"ನಾ ಬ್ಯಾಡ ಅನ್ನೂದಿಲ್ಲ," ಎಂದಳು ಮಾಬುಬಿ. "ಅಂದ್ರೂ ನಿನಗ ಬಿಡಾಕ ಆಗೂದಿಲ್ಲ. ಇಬ್ಬರಿಗೂ ಗೊತ್ತೈತಿ. ಮತ್ಯಾಕ ಸುಮ್ಮ ಮಾತು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದಾನೇಶ್ವರಿಗೆ ಜಗಳ ಮಾಡಲು ಬರುತ್ತಿ​ತ್ತು, ಜಗಳ ಮಾಡಿ ಉಳಿಸಿಕೊಳ್ಳಲೂಬಹುದಿತ್ತು.

ಮುಂದಿನ ವಾರ ಮಾಬುಬಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು. ಗುರುಸಿದ್ದವ್ವ ಬುತ್ತಿಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಆ ಕಾರ್ಖಾನಿಯಾವ್ರ ಮುಂದ ಬಾಯಿ ಬಿಗಿ ಹಿಡಿ, ಹೊರಗ ಹಾಕ್ಯಾರು" ಎಂದಿದ್ದಳು. ದಾನೇಶ್ವರಿ ಬಸ್ ನಿಲ್ದಾಣದ ತನಕ ಬಂದಳು. ಟ್ರಂಕು ಮೇಲೆ ಹಾಕಿಸಿ ಕಿಟಕಿಯ ಹತ್ತಿರ ನಿಂತಳು.

"ಅಮೀನಗಡದಾಗ ನಿಂತ್ರ ತಂಗಿ ಮಕ್ಕಳಿಗೆ ಕರದಂಟು ತಗೊ."

"ತಗೋತೇನಿ."

"ಹೋದ ಕೂಡ್ಲೆ ಫೋನ್ ಮಾಡು, ಬಾಜೂ ಮನಿಗೆ."

"ಮಾಡ್ತೇನಿ. ನೀ ಆ ಹಗ್ಗ ಉರಿ ಮ್ಯಾಲ ಹಿಡಿಯಾಗ ಸೆರಗು ಸುತಗೊಂಡು ಕೂಡು. ಬೆಂಕಿ ಹತ್ತೀತು."

ಡ್ರೈವರ್ ಹಾರನ್ ಹೊಡೆದ. ಬಸ್ಸು ಹುನಗುಂದದ ರಸ್ತೆಗೆ ತಿರುಗುವ ತನಕ ದಾನೇಶ್ವರಿ ನಿಂತಿದ್ದಳು. ಮನೆಗೆ ಬಂದಾಗ ಕಡಾಯಿಯ ಕೆಳಗಿನ ಉರಿ ಆರಿತ್ತು, ಮತ್ತೆ ಹೊತ್ತಿಸಿದಳು.

ಹಗ್ಗದ ಕೆಲಸ ಮೂರು ವರ್ಷ ನಡೆಯಿತು. ಆ ಮೇಲೆ ಗೋವಾದ ಅಂಗಡಿಯಾಕೆ ತನ್ನ ದೇಶಕ್ಕೆ ಹೋದಳು, ಕೆಲಸ ನಿಂತಿತು. ಕತ್ತರಿಸುವವರು ಸಿಗದೆ ನವಾರದ ಪಟ್ಟಿ ಅದಕ್ಕೂ ಮೊದಲೇ ನಿಂತಿತ್ತು. ಇಬ್ಬರು ಹುಡುಗಿಯರನ್ನು ತಂದು ಕಲಿಸಿ ನೋಡಿದಳು, ಇಬ್ಬರೂ ಲಗ್ನವಾಗಿ ಹೋದರು. ಮಾಬುಬಿ ಕಾರ್ಖಾನೆಯಲ್ಲಿ ಖಾಯಂ ಆದಳು. ಮೊದಲು ವಾರಕ್ಕೊಮ್ಮೆ ಫೋನ್ ಬರುತ್ತಿತ್ತು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ. ಕೈ ನಡುಗುವುದು ನಿಂತಿದೆ ಎಂದು ಒಂದು ರಂಜಾನಿನಲ್ಲಿ ಹೇಳಿದಳು.

ಆ ಮೂರು ವರ್ಷದಲ್ಲಿ ದಾನೇಶ್ವರಿಗೆ ಒಂದು ಹೊಸ ಮಷಿನ್ ಬಂತು. ವೀರೇಶನ ಔಷಧಿ ಒಂದು ತಿಂಗಳೂ ತಪ್ಪಲಿಲ್ಲ, ಅವನು ಇನ್ನೂ ಬದುಕಿದ್ದಾನೆ. ಮಾಬುಬಿ ಹೋದಳು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಜೊತೆಗೆ ಕೂರುವವರು ಅವಳಿಗೆ ಆಮೇಲೆ ಯಾರೂ ಸಿಗಲಿಲ್ಲ.